ವಾಕಿಟಾಕಿ ಕೇಳಿಸುತ್ತಿಲ್ಲವೇ? ಸ್ಕ್ರೂ ಬಿಚ್ಚುವ ಮೊದಲು ಇಷ್ಟು ನೋಡಿ

ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರಿರಲಿ, ಕಾಫಿ ತೋಟದ ರೈಟರ್ ಇರಲಿ, ಛತ್ರದ ಪಾರ್ಕಿಂಗ್ ನೋಡಿಕೊಳ್ಳುವ ಹುಡುಗರಿರಲಿ, ದೂರು ಒಂದೇ: "ಸೆಟ್ ಕೇಳಿಸ್ತಿಲ್ಲ." ಈ ಒಂದು ಮಾತಿನೊಳಗೆ ನಾಲ್ಕು ರೋಗಗಳಿವೆ. ಸದ್ದೇ ಬರದಿರುವುದು ಒಂದು. ದನಿ ಬಂದರೂ ಕರಕರ ಎನ್ನುವುದು ಇನ್ನೊಂದು. ಹತ್ತಿರದಲ್ಲಿ ಸರಿಯಿದ್ದು ದೂರ ಹೋದೊಡನೆ ಕೈಕೊಡುವುದು ಮೂರನೆಯದು. ಮಾತಿನ ಮೊದಲ ಅಕ್ಷರ ನುಂಗಿಹೋಗುವುದು ನಾಲ್ಕನೆಯದು. ಯಾವುದೆಂದು ವಿಚಾರಿಸದೆ ರಿಪೇರಿಗೆ ಕೊಟ್ಟರೆ ಸೆಟ್ ಹೋದ ಹಾಗೆಯೇ ವಾಪಸ್ ಬರುತ್ತದೆ, ಕೈಯಿಂದ ದುಡ್ಡು ಮಾತ್ರ ಹೋಗಿರುತ್ತದೆ.

ಮೊದಲು ಪಕ್ಕದಲ್ಲಿರುವ ಮಾನಿಟರ್ ಬಟನ್ ಒತ್ತಿ ಹಿಡಿಯಿರಿ. ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ಅಡಗಿಸುವ ಬಾಗಿಲು) ತೆರೆದು "ಸುಯ್ಯ್" ಎಂದು ಜೋರಾಗಿ ಬಂದರೆ ಸ್ಪೀಕರಿಗೂ ವಾಲ್ಯೂಮಿಗೂ ತೊಂದರೆಯಿಲ್ಲ; ಹುಡುಕಬೇಕಾದ್ದು ಆಂಟೆನಾ, ಸೆಟ್ಟಿಂಗ್ ಅಥವಾ ನಿಂತ ಜಾಗದಲ್ಲಿ. ಸುಯ್ ಸದ್ದೂ ಇಲ್ಲವೆಂದರೆ ಇಯರ್‌ಫೋನ್ ಜಾಕ್ ನೋಡಿ. ಪಿನ್ ಹಾಕಿದಾಗ ಸ್ಪೀಕರ್ ಕಡಿಯಲು ಜಾಕಿನೊಳಗೆ ಒಂದು ಪುಟ್ಟ ಸ್ಪ್ರಿಂಗ್ ಪಟ್ಟಿ ಇರುತ್ತದೆ. ಬೆವರು, ಮಳೆನೀರು ಇಳಿದು ಅದಕ್ಕೆ ಹಸಿರು ಕಿಲುಬು ಹಿಡಿದರೆ, ಪಿನ್ ಇಲ್ಲದಿದ್ದರೂ ಇದೆ ಎಂದೇ ಸೆಟ್ ತಿಳಿದುಕೊಳ್ಳುತ್ತದೆ. ಬ್ಯಾಟರಿ ಕಳಚಿ, ಇಯರ್‌ಫೋನ್ ಪಿನ್ನಿಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿ ಹತ್ತು ಹದಿನೈದು ಸಲ ಹಾಕಿ ತೆಗೆಯಿರಿ. ಒಣಗಲು ಕಾಲು ಗಂಟೆ ಬಿಡಿ. ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಹಾಕಿದರೆ ಅವತ್ತಿನ ಮಟ್ಟಿಗೆ ಸರಿಹೋದಂತೆ ಕಾಣುತ್ತದೆ, ಆಮೇಲೆ ಧೂಳು ಕೂತು ಇನ್ನಷ್ಟು ಕೆಡುತ್ತದೆ.

ಸುಯ್ ಬಂತು, ದನಿ ಮಾತ್ರ ಸರಿಯಿಲ್ಲ ಎಂದಾದರೆ ಅದಲು ಬದಲು ಪರೀಕ್ಷೆ ಮಾಡಿ. ಒಂದು ಒಳ್ಳೆ ಸೆಟ್, ಒಂದು ಕೆಟ್ಟದ್ದು, ಎರಡೂ ಒಂದೇ ಮಾದರಿಯವು ಬೇಕು. ಇಬ್ಬರೂ ಒಂದೇ ಜಾಗದಲ್ಲಿ ನಿಂತು, ದೂರದ ಮೂರನೆಯವರು ಮಾತಾಡುವುದನ್ನು ಕೇಳಿ. ನಂತರ ಎರಡನ್ನೂ ಆಫ್ ಮಾಡಿ ಆಂಟೆನಾ ಬದಲಿಸಿ. ಆಂಟೆನಾ ಇಲ್ಲದೆ ಮಾತಾಡುವ ಬಟನ್ ಒತ್ತಬಾರದು, ಒಳಗಿನ ಪವರ್ ಟ್ರಾನ್ಸಿಸ್ಟರ್ ಸುಡಬಹುದು. ರೋಗ ಆಂಟೆನಾದ ಹಿಂದೆ ಹೋದರೆ ಆಂಟೆನಾ ಕೆಟ್ಟಿದೆ, ಸೆಟ್ಟಿನಲ್ಲೇ ಉಳಿದರೆ ಸೆಟ್. ಎರಡರಲ್ಲೂ ಒಂದೇ ಥರ ಕರಕರ ಎಂದರೆ ಜಾಗದ ದೋಷ, ಇಲ್ಲವೇ ಮಾತಾಡುವವರ ಸೆಟ್ಟಿನದು. ಒಬ್ಬರ ದನಿ ಮಾತ್ರ ಕೆಟ್ಟು ಉಳಿದವರದು ಚೆನ್ನಾಗಿದ್ದರೆ ಆ ಒಬ್ಬರ ಬ್ಯಾಟರಿ ನೋಡಿ: 7.4 ವೋಲ್ಟಿನ ಬ್ಯಾಟರಿ ಇಳಿದಾಗ ಮೊದಲು ಸೋಲುವುದು ಕಳಿಸುವ ಶಕ್ತಿ, ಕೇಳುವ ಶಕ್ತಿಯಲ್ಲ. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ. ಆಂಟೆನಾ, ಬ್ಯಾಟರಿ, ಚಾನಲ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಆಂಟೆನಾ ಹೆಚ್ಚಾಗಿ ಹಾಳಾಗುವುದು ನಮ್ಮ ಕೈಯಿಂದಲೇ. ಅದನ್ನೇ ಹಿಡಿ ಮಾಡಿಕೊಂಡು ಸೆಟ್ ಎತ್ತುವ ಅಭ್ಯಾಸದಿಂದ ಬುಡದ ಬೆಸುಗೆ ಬಿಡುತ್ತದೆ. ರಬ್ಬರ್ ಹೊದಿಕೆ ಇರುವುದರಿಂದ ಹೊರಗೆ ಏನೂ ಕಾಣುವುದಿಲ್ಲ. ಬುಡ ಹಿಡಿದು ಮೆಲ್ಲಗೆ ಅಲ್ಲಾಡಿಸಿದಾಗ ದನಿ ಬಂದು ಹೋದರೆ ಅದೇ ಗುರುತು. ತಿರುಪನ್ನು ಬೆರಳಿನಿಂದ ಬಿಗಿ ಮಾಡಿದರೆ ಸಾಕು, ಕಟ್ಟಿಂಗ್ ಪ್ಲೇಯರ್ ಬೇಡ. ಹಳೆ ವೈಫೈ ರೂಟರಿನ ಆಂಟೆನಾ ಕೆಲವು ಸೆಟ್ಟುಗಳಿಗೆ ಚೆನ್ನಾಗಿಯೇ ತಿರುಗಿ ಕೂರುತ್ತದೆ, ಆದರೆ ನಡುವೆ ಎರಡೂ ಕಡೆ ತೂತೇ ಇರುವುದರಿಂದ ಒಳಗೆ ಏನೂ ತಾಗುವುದಿಲ್ಲ. ತಾಗಿದರೂ ಅದು ಬೇರೆ ಫ್ರೀಕ್ವೆನ್ಸಿಯ ಆಂಟೆನಾ.

ವಿಎಚ್‌ಎಫ್ ಮತ್ತು ಯುಎಚ್‌ಎಫ್ ಆಂಟೆನಾ ಕಪಾಟಿನಲ್ಲಿ ಬೆರೆತುಹೋಗುವುದೂ ಮಾಮೂಲು; ಮೊದಲನೆಯದು 150 ಮೆಗಾಹರ್ಟ್ಸ್ ಆಸುಪಾಸಿನ ಕಡಿಮೆ ಫ್ರೀಕ್ವೆನ್ಸಿಯ ಸೆಟ್ಟಿಗೆ, ಎರಡನೆಯದು 450ರ ಆಸುಪಾಸಿನ ಹೆಚ್ಚಿನದಕ್ಕೆ. 300 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತರಂಗದ ಉದ್ದ ಮೀಟರಿನಲ್ಲಿ ಸಿಗುತ್ತದೆ, ಅದರ ಕಾಲುಭಾಗ ಆಂಟೆನಾದ ಸಹಜ ಉದ್ದ. 150 ಮೆಗಾಹರ್ಟ್ಸ್‌ಗೆ 50 ಸೆಂಟಿಮೀಟರ್, 450ಕ್ಕೆ ಸುಮಾರು 17. ವಿಎಚ್‌ಎಫ್ ಸೆಟ್ಟಿನ ಗೇಣುದ್ದದ ಆಂಟೆನಾ ಎಂದರೆ ಆ ಉದ್ದವನ್ನು ಸುರುಳಿ ಸುತ್ತಿ ಕುಗ್ಗಿಸಿದ್ದು, ಕುಗ್ಗಿಸಿದಷ್ಟೂ ನಷ್ಟ. ಈ ನಷ್ಟ ಸ್ವಲ್ಪ ತುಂಬಲು ಹವ್ಯಾಸಿ ರೇಡಿಯೊದವರು ಒಂದು "ಬಾಲ" ಕಟ್ಟುತ್ತಾರೆ. 145 ಮೆಗಾಹರ್ಟ್ಸ್‌ಗಾದರೆ 49 ಸೆಂಟಿಮೀಟರ್ ತೆಳು ವೈರ್ ತೆಗೆದುಕೊಂಡು, ಒಂದು ತುದಿಯಲ್ಲಿ ಸುಲಿದು ಉಂಗುರ ಮಾಡಿ, ಅದನ್ನು ಆಂಟೆನಾ ಬುಡದ ಹೊರಲೋಹಕ್ಕೆ ಸಿಕ್ಕಿಸಿ ತಿರುಪಿ, ಉಳಿದದ್ದನ್ನು ಕೆಳಗೆ ಇಳಿಬಿಡಿ. ನಡುವಿನ ಪಿನ್ನಿಗೆ ಎಳೆಯೂ ತಾಗಬಾರದು. ಆಂಟೆನಾ ಕಳಚಲು ಬಾರದ ಸೆಟ್ಟಿಗೆ ಈ ಉಪಾಯ ಇಲ್ಲ.

ಮಾನಿಟರ್ ಒತ್ತಿದಾಗ ದನಿ ಸ್ಪಷ್ಟ, ಬಿಟ್ಟೊಡನೆ ಮಾಯ ಎಂದರೆ ತೊಂದರೆ ಸೆಟ್ಟಿಂಗಿನಲ್ಲಿದೆ. ಸ್ಕ್ವೆಲ್ಚ್ ಅನ್ನು 1 ಅಥವಾ 2ಕ್ಕೆ ಇಳಿಸಿ. ಆಗಲೂ ಬರದಿದ್ದರೆ ಟೋನ್ ಹೊಂದುತ್ತಿಲ್ಲ. ಟೋನ್ ಎಂದರೆ ದನಿಯ ಜೊತೆ ಹೋಗುವ, ಕಿವಿಗೆ ಕೇಳದ ಗುರುತಿನ ಸದ್ದು; ಎರಡೂ ಸೆಟ್ಟಿನಲ್ಲಿ ಅದು ಒಂದೇ ಆಗಿದ್ದರೆ ಮಾತ್ರ ಸ್ಪೀಕರ್ ತೆರೆಯುತ್ತದೆ. ಬೇರೆ ಬೇರೆ ಕಂಪನಿಯ ಸೆಟ್ಟುಗಳಿದ್ದಲ್ಲಿ ಟೋನಿನ ಕೋಡ್ ನಂಬರ್ ನಂಬಬೇಡಿ: ಒಂದರಲ್ಲಿ 8ನೇ ಕೋಡ್ 88.5 ಹರ್ಟ್ಸ್ ಆದರೆ, 69.3 ಹರ್ಟ್ಸ್ ಅನ್ನೂ ಪಟ್ಟಿಗೆ ಸೇರಿಸಿಕೊಂಡಿರುವ ಇನ್ನೊಂದರಲ್ಲಿ ಅದೇ ಟೋನ್ 9ನೆಯದು. ಹರ್ಟ್ಸ್ ನೋಡಿ ಹೊಂದಿಸಿ. ದನಿ ಒಡೆದಂತೆ ಬಂದರೆ ಕಳಿಸುವವರ ಚಾನಲ್ ಅಗಲ 25 ಕಿಲೋಹರ್ಟ್ಸ್, ನಿಮ್ಮದು 12.5 ಇರಬಹುದು, ಉಲ್ಟಾ ಆದರೆ ದನಿ ಸಣ್ಣಗೆ ಕೇಳುತ್ತದೆ. ಮೊದಲ ಅಕ್ಷರ ನುಂಗುವುದಕ್ಕೆ ಕಾರಣ ಕೇಳುವ ಸೆಟ್ಟಿನ ಬ್ಯಾಟರಿ ಸೇವ್ (ಸೆಟ್ ನಡುನಡುವೆ ನಿದ್ದೆ ಹೋಗುವುದು) ಅಥವಾ ಡ್ಯುಯಲ್ ವಾಚ್ (ಎರಡು ಚಾನಲ್ ಸರದಿಯಲ್ಲಿ ಕೇಳುವುದು). ಎರಡನ್ನೂ ಆಫ್ ಮಾಡಿ, ಬಟನ್ ಒತ್ತಿ ಒಂದು ಕ್ಷಣ ಬಿಟ್ಟು ಮಾತಾಡುವಂತೆ ಎಲ್ಲರಿಗೂ ಹೇಳಿ.

ಇನ್ನು ಜಾಗ. ಸೆಟ್ ಸೊಂಟದಲ್ಲಿದ್ದರೆ ಮೈಯೇ ಅಡ್ಡ ಗೋಡೆ. ಕೈಗೆ ತೆಗೆದು ಮುಖದ ಎತ್ತರಕ್ಕೆ, ಆಂಟೆನಾ ನೆಟ್ಟಗೆ ಬರುವಂತೆ ಹಿಡಿಯಿರಿ. ಒಬ್ಬರದು ನಿಂತು ಇನ್ನೊಬ್ಬರದು ಮಲಗಿದ್ದರೆ ಸಿಗ್ನಲ್ ತುಂಬಾ ಬೀಳುತ್ತದೆ. ಯುಎಚ್‌ಎಫ್‌ನಲ್ಲಿ ತರಂಗ ಗೋಡೆಗೆ ಬಡಿದು ಮರಳಿ, ಒಂದು ಗೇಣು ಆಚೀಚೆಯಾದರೂ ದನಿ ಏಳುತ್ತದೆ, ಬೀಳುತ್ತದೆ. ಆದ್ದರಿಂದ ಕೂಗಿ ಮಾತಾಡುವ ಬದಲು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಎರಡನೇ ಬೇಸ್‌ಮೆಂಟಿನ ಮೂಲೆಯಿಂದ ಗೇಟಿಗೆ ಕೇಳುವುದು ಕಷ್ಟವೇ. ರ‍್ಯಾಂಪ್ ಬಾಯಿಯಲ್ಲಿ ಒಬ್ಬರನ್ನು ನಿಲ್ಲಿಸಿ ಮಾತು ದಾಟಿಸಬೇಕು, ಇಲ್ಲವೇ ಪರವಾನಗಿ ಪಡೆದು, ಕೇಳಿದ್ದನ್ನು ಮತ್ತೆ ಜೋರಾಗಿ ಕಳಿಸುವ ರಿಪೀಟರ್ ಹಾಕಬೇಕು. 2 ವ್ಯಾಟಿನ ಬದಲು 5 ವ್ಯಾಟ್ ಸೆಟ್ ತಂದರೆ ಸಿಗುವುದು 4 ಡೆಸಿಬೆಲ್ (ಸಿಗ್ನಲ್ ಬಲದ ಏರಿಳಿತದ ಅಳತೆ) ಮಾತ್ರ, ಸ್ಲ್ಯಾಬಿನ ಮುಂದೆ ಅದು ಯಾವ ಲೆಕ್ಕಕ್ಕೂ ಇಲ್ಲ. ಮರ ದಟ್ಟವಾಗಿರುವ ತೋಟದಲ್ಲಿ ಯುಎಚ್‌ಎಫ್‌ಗಿಂತ ವಿಎಚ್‌ಎಫ್ ವಾಸಿ: ಮಳೆಗಾಲದ ಒದ್ದೆ ಎಲೆ ಯುಎಚ್‌ಎಫ್ ಅನ್ನು ಹೆಚ್ಚು ಹೀರುತ್ತದೆ.

ಸೆಕ್ಯುರಿಟಿ ಕ್ಯಾಬಿನ್ನಿನಲ್ಲಿ ಮಾತ್ರ ಕೇಳದಿದ್ದರೆ ಅಲ್ಲಿನ ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಸಿಸಿಟಿವಿ ಅಡಾಪ್ಟರುಗಳನ್ನು ಒಂದೊಂದಾಗಿ ಆಫ್ ಮಾಡುತ್ತಾ ಕೇಳಿ. ಕಳ್ಳ ಸಿಕ್ಕರೆ ಅದನ್ನು ಬದಲಿಸಿ, ಆಗದಿದ್ದರೆ ಸೆಟ್ಟನ್ನು ಎರಡು ಮೀಟರ್ ದೂರ ಇಡಿ. ಎಲ್ಲಕ್ಕಿಂತ ಚೆನ್ನಾಗಿ ಕೇಳಬೇಕಾದ ಟೆರೇಸಿನಲ್ಲೇ ದನಿ ಸತ್ತು, ಎರಡು ಮಹಡಿ ಇಳಿದರೆ ಜೀವ ಬಂದರೆ ಹತ್ತಿರದ ಯಾವುದೋ ಟವರಿನ ಜೋರು ಸಿಗ್ನಲ್ ಸೆಟ್ಟಿನ ಕಿವಿ ಕಿವುಡು ಮಾಡುತ್ತಿದೆ. ಹೆಚ್ಚಿನ ಕೆಲಸವೆಲ್ಲ ಒಂದೇ ಐಸಿ ಚಿಪ್ ಮಾಡುವ ಅಗ್ಗದ ಸೆಟ್ಟುಗಳಲ್ಲಿ ಇದು ಹೆಚ್ಚು, ಉದ್ದ ಆಂಟೆನಾ ಹಾಕಿದರೆ ಮತ್ತಷ್ಟು ಹೆಚ್ಚು.

ಫ್ರೀಕ್ವೆನ್ಸಿಯನ್ನು ಮಾತ್ರ ನೀವಾಗಿ ಬದಲಿಸಬೇಡಿ. ನಮ್ಮ ದೇಶದಲ್ಲಿ ಪರವಾನಗಿ ಇಲ್ಲದ ಬಳಕೆಗೆಂದೇ ಒಪ್ಪಿಗೆ ಪಡೆದ ಕಡಿಮೆ ಶಕ್ತಿಯ ಸೆಟ್ಟುಗಳಿಗೆ ಸಿಗುವುದು 446.0ರಿಂದ 446.2 ಮೆಗಾಹರ್ಟ್ಸ್.

ಇಷ್ಟೆಲ್ಲ ಆದ ಮೇಲೂ ಒಳ್ಳೆ ಸೆಟ್ಟಿನ ಪಕ್ಕದಲ್ಲೇ ನಿಮ್ಮದು ಮಂಕಾಗಿದ್ದರೆ, ಮುಖ್ಯವಾಗಿ ಕೆಳಗೆ ಬಿದ್ದ ಮೇಲೆ ಶುರುವಾಗಿದ್ದರೆ, ಬೆಸುಗೆ ಬಿಟ್ಟಿರಬಹುದು ಅಥವಾ ಫ್ರೀಕ್ವೆನ್ಸಿ ಸರಿದಿರಬಹುದು. ಸರ್ವಿಸ್ ಮಾನಿಟರ್ (ರೇಡಿಯೊ ಸೆಟ್ ಅಳೆದು ನೋಡುವ ಉಪಕರಣ) ಇರುವ ಅಂಗಡಿಗೇ ಕೊಡಿ. ಚೀಟಿಯಲ್ಲಿ "ಕೇಳಿಸ್ತಿಲ್ಲ" ಎಂದಷ್ಟೇ ಬರೆಯದೆ, ಯಾವ ಚಾನಲ್, ಯಾವ ಟೋನ್, ಮಾನಿಟರ್ ಒತ್ತಿದಾಗ ಏನಾಯಿತು, ಆಂಟೆನಾ ಬದಲಿಸಿದಾಗ ಏನಾಯಿತು ಎಂದು ನಾಲ್ಕು ಸಾಲು ಬರೆದು, ಆಂಟೆನಾ, ಬ್ಯಾಟರಿ ಸಮೇತ ಕಳಿಸಿ.