ಬಾದಾಮಿಗೆ ಬಂದರೆ ಎರಡು ದಿನ ಇಟ್ಟುಕೊಂಡು ಬನ್ನಿ

ನಮ್ಮೂರು ಬಾಗಲಕೋಟೆ. ಹಾಗಾಗಿ ಬೆಂಗಳೂರಿನ ನೆಂಟರು ಬಂದಾಗಲೆಲ್ಲ ಬಾದಾಮಿ ತೋರಿಸುವ ಕೆಲಸ ನನ್ನ ಪಾಲಿಗೇ ಬರುತ್ತದೆ. ಬಂದವರದೆಲ್ಲ ಒಂದೇ ಮಾತು: "ಬಾದಾಮಿ, ಪಟ್ಟದಕಲ್ಲು, ಐಹೊಳೆ ಒಂದೇ ದಿನದಲ್ಲಿ ಮುಗಿಸಿಬಿಡೋಣ." ಮುಗಿಸಬಹುದು. ಆದರೆ ರಾತ್ರಿ ಫೋನಿನಲ್ಲಿ ಫೋಟೋ ನೋಡುವಾಗ ಯಾವ ಗುಡಿ ಯಾವ ಊರಿನದು ಅಂತ ಜಗಳ ಶುರುವಾಗುತ್ತದೆ.

ನವೆಂಬರ್‌ನಿಂದ ಫೆಬ್ರವರಿ ಒಳಗೆ ಬನ್ನಿ. ಏಪ್ರಿಲ್‌ನಲ್ಲಿ ಇಲ್ಲಿನ ಬಂಡೆ ಕಾದ ಹಂಚು. ರೈಲಿನಲ್ಲಿ ಬಂದರೆ ಸ್ಟೇಷನ್‌ನಿಂದ ಊರು ಸುಮಾರು 5 ಕಿ.ಮೀ., ಆಟೋ ಹಿಡಿಯಬೇಕು. ಎರಡು ರಾತ್ರಿಯೂ ಬಾದಾಮಿಯಲ್ಲೇ ಉಳಿಯಿರಿ.

ಮೊದಲ ದಿನ ಬೆಳಿಗ್ಗೆ ಗುಹೆಗಳು. ನಾಲ್ಕೇ ಇವೆ, ಆದರೆ ಮೆಟ್ಟಿಲು ಜಾಸ್ತಿ. ಕೈಯಲ್ಲಿ ತಿಂಡಿ ಚೀಲ ಹಿಡಿಯಲೇಬೇಡಿ. ಹೋದ ಸಲ ನಮ್ಮ ಅತ್ತೆ ಬಾಳೆಹಣ್ಣನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದರು. ಮಂಗ ಹಣ್ಣನ್ನೂ ಒಯ್ದಿತು, ಕನ್ನಡಕವನ್ನೂ ಒಯ್ದಿತು. ಹಣ್ಣು ತಿಂದು ಕನ್ನಡಕ ಬಿಸಾಕಿತು, ಪುಣ್ಯಕ್ಕೆ ಒಂದೇ ಗಾಜು ಒಡೆದಿತ್ತು.

ಒಂದನೇ ಗುಹೆಯಲ್ಲಿ ಎಲ್ಲರೂ ಹದಿನೆಂಟು ಕೈಯ ನಟರಾಜನ ಮುಂದೆ ನಿಂತುಬಿಡುತ್ತಾರೆ. ನೀವು ಬಾಗಿಲಿನ ಇನ್ನೊಂದು ಪಕ್ಕಕ್ಕೂ ಹೋಗಿ. ಅಲ್ಲಿ ತ್ರಿಶೂಲ ಹಿಡಿದ ದ್ವಾರಪಾಲಕನ ಕೆಳಗೆ ಒಂದು ಪುಟ್ಟ ಕೆತ್ತನೆ ಇದೆ. ಎರಡು ಮೈ, ಒಂದೇ ತಲೆ. ಒಂದು ಪಕ್ಕದ ಮೈಯನ್ನು ಅಂಗೈಯಿಂದ ಮರೆಮಾಡಿದರೆ ಆನೆ, ಇನ್ನೊಂದನ್ನು ಮರೆಮಾಡಿದರೆ ಎತ್ತು. ಮಕ್ಕಳಿದ್ದರೆ ಅವರೇ ಕಂಡುಹಿಡಿಯಲಿ, ಮೊದಲೇ ಹೇಳಬೇಡಿ. ಮೂರನೇ ಗುಹೆ ಎಲ್ಲಕ್ಕಿಂತ ದೊಡ್ಡದು. ಚಾಲುಕ್ಯ ಅರಸು ಮನೆತನದ ಮಂಗಳೇಶ ಕೊರೆಸಿದ್ದು, ಕ್ರಿ.ಶ. 578ರ ಶಾಸನವೇ ಅಲ್ಲಿದೆ.

ಮಧ್ಯಾಹ್ನದ ಊಟಕ್ಕೆ ಹೋಟೆಲ್ ಹುಡುಕಬೇಡಿ. 5 ಕಿ.ಮೀ. ದೂರದ ಬನಶಂಕರಿಗೆ ಹೋಗಿ. ದರ್ಶನ ಮಾಡಿ ಹೊರಗೆ ಬಂದರೆ ಬುಟ್ಟಿ ಇಟ್ಟುಕೊಂಡ ಹೆಂಗಸರು ಸಿಗುತ್ತಾರೆ. ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ, ಗಟ್ಟಿ ಮೊಸರು. ಎರಡು ರೊಟ್ಟಿ ಸಾಕು ಅಂದರೆ "ಇಷ್ಟು ದೂರ ಬಂದು ಎರಡ ರೊಟ್ಟಿ ತಿಂತೀರೇನ್ರಿ?" ಅಂತ ಮೂರನೆಯದು ಹಾಕಿಬಿಡುತ್ತಾರೆ. ಖಾರಕ್ಕೆ ಹೆದರುವವರು ಮೊಸರನ್ನು ಮೊದಲೇ ಜಾಸ್ತಿ ಹಾಕಿಸಿಕೊಳ್ಳಿ.

ಸಂಜೆ ಅಗಸ್ತ್ಯ ತೀರ್ಥ ಅನ್ನುವ ಕೆರೆಯ ದಂಡೆ. ಮ್ಯೂಸಿಯಂ ನೋಡುವ ಆಸೆಯಿದ್ದರೆ ಶುಕ್ರವಾರ ಬರಬೇಡಿ, ಅಂದು ರಜೆ. ಕೆರೆಯ ಈಶಾನ್ಯದ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನ ಇದೆ, ಸುಮಾರು ಕ್ರಿ.ಶ. 700ರದ್ದು. ಮುಕ್ಕಾಲು ಜನ ಅಲ್ಲಿಗೆ ಹೋಗುವುದೇ ಇಲ್ಲ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಅಂತ ಶಾಲೆಯಲ್ಲಿ ಓದಿದ್ದೆವಲ್ಲ, ಅದೇ ತ್ರಿಪದಿ. ನಾನು ನೆಂಟರಿಗೆ ಓದಿ ಹೇಳೋಣ ಅಂತ ಜಂಬದಿಂದ ನಿಂತೆ. ಒಂದಕ್ಷರವೂ ತಿಳಿಯಲಿಲ್ಲ! ಲಿಪಿ ಹಳೆಯದು ನೋಡಿ. ಕೊನೆಗೆ ಬಾಯಿಪಾಠದಿಂದಲೇ ಹೇಳಿ ಮಾನ ಉಳಿಸಿಕೊಂಡೆ. ಹೊತ್ತು ಮುಳುಗುವಾಗ ಭೂತನಾಥ ಗುಡಿಯ ಹತ್ತಿರ ಇರಿ. ಎದುರಿಗೆ ನೀರು, ಸುತ್ತಲೂ ಕೆಂಪು ಗುಡ್ಡ.

ಎರಡನೇ ದಿನ ದೂರದ ಊರು ಮೊದಲು. ಅಂದರೆ ಐಹೊಳೆ, ಸುಮಾರು 35 ಕಿ.ಮೀ. ನೂರಕ್ಕೂ ಹೆಚ್ಚು ಗುಡಿಗಳಿವೆ, ಎಲ್ಲ ನೋಡುತ್ತೇವೆ ಅಂತ ಹಟ ಹಿಡಿಯಬೇಡಿ. ಬಿಸಿಲೇರುವ ಮೊದಲು ಮೇಗುತಿ ಗುಡ್ಡ ಹತ್ತಿ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ಹೇಳುವ ರವಿಕೀರ್ತಿಯ ಶಾಸನ ಅಲ್ಲೇ ಇದೆ, ಕ್ರಿ.ಶ. 634ರದ್ದು. ಇಳಿದು ಬಂದು ದುರ್ಗ ಗುಡಿ, ಲಾಡಖಾನ್ ಗುಡಿ, ರಾವಣಫಡಿ ನೋಡಿದರೆ ಸಾಕು.

ವಾಪಸ್ ಬರುವ ದಾರಿಯಲ್ಲಿ ಪಟ್ಟದಕಲ್ಲು. ಅಲ್ಲಿ ಮಲ್ಲಿಕಾರ್ಜುನ ಗುಡಿ, ಕಾಶಿವಿಶ್ವನಾಥ ಗುಡಿ ಅಕ್ಕಪಕ್ಕ ಇವೆ. ಎರಡರ ಶಿಖರವನ್ನೂ ಒಟ್ಟಿಗೆ ನೋಡಿ. ಒಂದು ದಕ್ಷಿಣದ ಶೈಲಿ, ಮಹಡಿ ಮಹಡಿಯಾಗಿ ಏರುತ್ತದೆ. ಇನ್ನೊಂದು ಉತ್ತರದ್ದು, ಬಾಗುತ್ತಾ ಹೋಗುತ್ತದೆ. ಗೈಡ್ ಅರ್ಧ ಗಂಟೆ ಹೇಳುವುದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಚಾಲುಕ್ಯ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯಲ್ಲಿ ಈಗಲೂ ಪೂಜೆ ಇದೆ. ಚಪ್ಪಲಿ ಬಿಡಬೇಕು, ಕಲ್ಲು ಸುಡುತ್ತದೆ, ಸಾಕ್ಸ್ ಇಟ್ಟುಕೊಳ್ಳಿ.

ಕೊನೆಗೆ ಮಹಾಕೂಟ. ಚೀಲದಲ್ಲಿ ಒಂದು ಟವೆಲ್ ಇರಲಿ. ಬುಗ್ಗೆಯ ನೀರಿನ ಪುಷ್ಕರಣಿ ಇದೆ, ಎರಡು ದಿನ ಸುತ್ತಿದ ಕಾಲಿಗೆ ಅದಕ್ಕಿಂತ ಮದ್ದಿಲ್ಲ. ನೀರಿಗಿಳಿಯುವ ಮೊದಲು ಫೋನು, ಕನ್ನಡಕ ದಂಡೆಯ ಮೇಲಿರುವವರ ಕೈಗೆ ಕೊಡಿ. ಇಲ್ಲೂ ಮಂಗಗಳಿವೆ.