ಪಳೆಯುಳಿಕೆ ಶಂಖದ ವಂಶ ಗುರುತಿಸಲು ನಾನು ತುದಿಯಿಂದಲೇ ಶುರುಮಾಡುವುದೇಕೆ

ತಮಿಳುನಾಡಿನ ಅರಿಯಲೂರಿನ ಕ್ರಿಟೇಶಿಯಸ್ (ಡೈನೋಸಾರ್‌ಗಳ ಕೊನೆಯ ಯುಗದ) ಪದರ, ಕೇರಳದ ಕೊಲ್ಲಂ ಬಳಿಯ ಮಯೋಸೀನ್ (ಅದಕ್ಕಿಂತ ಬಹಳ ಈಚಿನ) ಸುಣ್ಣಕಲ್ಲು: ಬೆಂಗಳೂರಿನ ನನ್ನ ಮೇಜಿಗೆ ಕಡಲ ಶಂಖಗಳು ಬರುವುದು ಇಂಥ ಕಡೆಯಿಂದ. ನಮ್ಮೂರಿನ ನೈಸ್ (ಶಾಖ, ಒತ್ತಡಕ್ಕೆ ಸಿಕ್ಕಿ ರೂಪ ಬದಲಾದ) ಬಂಡೆಯಲ್ಲಿ ಅವು ಸಿಗುವ ಮಾತೇ ಇಲ್ಲ. ಚೀಲ ಬಿಚ್ಚಿದಾಗ ನಾನು ಮೊದಲು ಹುಡುಕುವುದು ಪ್ರೋಟೋಕಾಂಕ್, ಅಂದರೆ ಮರಿಯಾಗಿದ್ದಾಗ ಕಟ್ಟಿಕೊಂಡ ತುದಿಯ ಚಿಪ್ಪು. ಹೆಚ್ಚಿನವುಗಳಲ್ಲಿ ಅದು ರಾಗಿ ಕಾಳಿಗಿಂತ ಚಿಕ್ಕದು. ಒರಟು ಬ್ರಷ್ ತಾಗಿದರೆ ಹೋಯಿತು.

ಅದಕ್ಕೇ ಜೇಡಿಯನ್ನು ಪೂರ್ತಿ ಒಣಗಿಸಿ, ಆಮೇಲೆ ನೀರಿಗೆ ಹಾಕುತ್ತೇನೆ. ಹಸಿ ಜೇಡಿ ಸುಲಭಕ್ಕೆ ಬಿಡುವುದಿಲ್ಲ. ಸೋಸಲು 0.25 ಮಿ.ಮೀ. ಜರಡಿ. ಆಸಿಡ್ ಹಾಕಲೇಬಾರದು, ಚಿಪ್ಪಿನಲ್ಲಿರುವ ಅರಗೊನೈಟ್ ಎಂಬ ಸುಣ್ಣದ ಖನಿಜ ಸುತ್ತಲಿನ ಕಲ್ಲಿಗಿಂತ ಮೊದಲೇ ಕರಗಬಹುದು. ಕೊನೆಯ ತೊಳೆತ ಡಿಸ್ಟಿಲ್ಡ್ ನೀರಿನಲ್ಲಿ. ಬೋರ್‌ವೆಲ್ ನೀರು ಒಣಗಿದರೆ ಉಳಿಯುವ ಬಿಳಿ ಕರೆ ಸಣ್ಣ ಗೆರೆಗಳನ್ನೆಲ್ಲ ಮುಚ್ಚಿಬಿಡುತ್ತದೆ.

ತುದಿಗೆ ಇಷ್ಟು ಮರ್ಯಾದೆ ಯಾಕೆಂದರೆ, ದೊಡ್ಡ ಚಿಪ್ಪಿನ ಆಕಾರ ಮೋಸ ಮಾಡುತ್ತದೆ. ಟರಿಟೆಲ್ಲಾ, ಮಥಿಲ್ಡಾ ಎಂಬ ಎರಡು ಕುಲಗಳ ಶಂಖಗಳೂ ಗೋಪುರದಂತೆ ಉದ್ದ, ಎರಡರ ಮೇಲೂ ಸುರುಳಿ ಏಣುಗಳು. ಆದರೆ ಮಥಿಲ್ಡಾದ ಮರಿಚಿಪ್ಪು ಓರೆಯಾಗಿ, ಉಳಿದ ಚಿಪ್ಪಿಗೆ ಎದುರು ದಿಕ್ಕಿನಲ್ಲಿ ಸುತ್ತಿಕೊಂಡಿರುತ್ತದೆ. ಮಥಿಲ್ಡಾ ನಮ್ಮ ತೋಟದ ಬಸವನಹುಳುವೂ ಸೇರಿರುವ ಹೆಟೆರೋಬ್ರಾಂಕಿಯಾ ಎಂಬ ದೊಡ್ಡ ಗುಂಪಿನದು, ಟರಿಟೆಲ್ಲಾ ಸೀನೋಗ್ಯಾಸ್ಟ್ರೊಪೊಡಾ ಎಂಬ ಇನ್ನೊಂದು ಗುಂಪಿನದು. ತುದಿ ಮುರಿದಿದ್ದರೆ ಎರಡನ್ನೂ ಒಂದೇ ಡಬ್ಬಿಗೆ ಹಾಕುವುದು ಬಹಳ ಸುಲಭ. ಮರಿಚಿಪ್ಪಿನಲ್ಲಿ ಸುತ್ತುಗಳು ಹೆಚ್ಚಿದ್ದು ಮೊದಲ ಸುತ್ತು ಪುಟ್ಟದಾಗಿದ್ದರೆ ಮರಿ ನೀರಿನಲ್ಲಿ ತೇಲುತ್ತ ಮೇಯ್ದು ಬೆಳೆದದ್ದು ಎನ್ನಬಹುದು. ಸುತ್ತು ಕಡಿಮೆ, ತುದಿ ಉಬ್ಬು ಎಂದರೆ ಮೊಟ್ಟೆಯ ಹಳದಿಯನ್ನೇ ನಂಬಿದ್ದು. ಇದೊಂದನ್ನೇ ಹಿಡಿದು ನೆಂಟಸ್ತನ ಹೇಳುವುದಿಲ್ಲ, ಏಕೆಂದರೆ ತೇಲುವ ಹಂತವನ್ನು ಬೇರೆ ಬೇರೆ ವಂಶಗಳು ಬೇರೆ ಬೇರೆಯಾಗಿಯೇ ಕಳೆದುಕೊಂಡಿವೆ.

ವಂಶವೃಕ್ಷಕ್ಕೆ ಲಕ್ಷಣಗಳ ಪಟ್ಟಿ ಮಾಡುವಾಗ ನಾನು ಅತಿ ಹೆಚ್ಚು ಕಾಣುವ ತಪ್ಪು, ಉಳಿದಿಲ್ಲದ್ದನ್ನು ‘0’ (ಆ ಲಕ್ಷಣವೇ ಇಲ್ಲ) ಎಂದು ಬರೆಯುವುದು. ಬಾಯಿಯ ಅಂಚು ಮುರಿದಿದ್ದರೆ ಅಲ್ಲಿ ನಳಿಕೆಯ ಕಾಲುವೆ (ಪ್ರಾಣಿ ನೀರೆಳೆಯುವ ನಳಿಕೆ ಚಾಚುವ ತೋಡು) ಇರಲಿಲ್ಲ ಎಂದಲ್ಲ, ಅಲ್ಲಿ ‘?’ (ಗೊತ್ತಿಲ್ಲ) ಬರಬೇಕು. ಇಲ್ಲದಿದ್ದರೆ ಮುರಿದ ಮಾದರಿಗಳೆಲ್ಲ ಮರದ ಬುಡದಲ್ಲಿ ಸೇರಿಕೊಂಡು ಸುಳ್ಳು ಪೂರ್ವಜರಾಗುತ್ತವೆ. ಚಿಪ್ಪು ಕರಗಿ ಒಳಗಿನ ಅಚ್ಚು ಮಾತ್ರ ಉಳಿದಿದ್ದರೆ ಅದಕ್ಕೆ ಹೊಸ ಜಾತಿಯ ಹೆಸರೇ ಬೇಡ. ಸುತ್ತಲಿನ ಕಲ್ಲಿನಲ್ಲಿ ಹೊರಗಿನ ಅಚ್ಚು ಇದ್ದರೆ ಸಿಲಿಕೋನ್ ಸುರಿದು ಮೇಲ್ಮೈಯನ್ನು ಮತ್ತೆ ಪಡೆಯಬಹುದು.

ಹೊಸದೆನ್ನಿಸಿದರೂ ದಕ್ಷಿಣ ಭಾರತದ ಕ್ರಿಟೇಶಿಯಸ್ ಶಂಖಗಳ ಬಗ್ಗೆ ಪಳೆಯುಳಿಕೆ ತಜ್ಞ ಸ್ಟೋಲಿಚ್ಕಾ 1867–68ರಲ್ಲಿ ಕೊಟ್ಟ ಚಿತ್ರಗಳ ಜೊತೆ ಒಂದೊಂದನ್ನೂ ಹೋಲಿಸಿ ನೋಡುತ್ತೇನೆ. ಆಮೇಲಷ್ಟೇ ಹೋಲೋಟೈಪ್, ಅಂದರೆ ಹೊಸ ಜಾತಿಯ ಹೆಸರಿಗೆ ಆಧಾರವಾಗುವ ಒಂದೇ ಮಾದರಿ, ಆರಿಸುವುದು: ತುದಿಯೂ ಬಾಯಿಯೂ ಉಳಿದಿರುವ ಮಾದರಿ, ಅದು ಎಷ್ಟು ಚಿಕ್ಕದಾದರೂ ಸರಿ.