ನಾಲ್ಕೂಕಾಲು ಅಡಿ ನೀರಿನ ದೋಣಿ

ಈ ವರ್ಷ ಮೇ ತಿಂಗಳ ಎರಡನೆಯ ವಾರ, ಮಾಲ್ಡೀವ್ಸ್‌ನ ದಕ್ಷಿಣ ತುದಿಯವರೆಗೆ ಹೋಗಿ ಮರಳಿದ ನಮ್ಮ ಹಾಯಿದೋಣಿ ಉಡುಪಿ ಬಳಿಯ ಕೋಡಿ ಬೆಂಗ್ರೆಯಲ್ಲಿ ಹೊಳೆ ಕಡಲು ಸೇರುವ ಅಳಿವೆಯನ್ನು ಅರ್ಧ ಉಬ್ಬರದಲ್ಲೇ ದಾಟಿ ಒಳಗೆ ಬಂತು. ಜೆಟ್ಟಿಯಲ್ಲಿ ಭಾವ ನಿಂತಿದ್ದರು. ನಾಲ್ಕು ವರ್ಷಗಳ ಹಿಂದೆ ಇದೇ ದೋಣಿಯ ತಳವನ್ನು ನೋಡಿ, "ಇದು ಹೊಳೆಯಲ್ಲಿ ನಿಂತೀತು, ಕಡಲಿಗೆ ಆಗದು" ಎಂದು ತೀರ್ಪು ಕೊಟ್ಟವರು ಅವರೇ. ಮೂವತ್ತು ವರ್ಷಗಳಿಂದ ದೊಡ್ಡ ಬಲೆ ಸುತ್ತಿ ಮೀನು ಹಿಡಿಯುವ ಪರ್ಸೀನ್ ಬೋಟು ನಡೆಸುತ್ತಿರುವ ಅವರ ಮಾತಿಗೆ ಊರಿನಲ್ಲಿ ಬೆಲೆಯಿದೆ. ಆ ದಿನ ನಾನು ಎಸೆದ ಹಗ್ಗವನ್ನು ಹಿಡಿದು ಗೂಟಕ್ಕೆ ಸುತ್ತಿದರು, ತಳವನ್ನು ಇನ್ನೊಮ್ಮೆ ಬಗ್ಗಿ ನೋಡಿದರು. ಮರುದಿನ ತಮ್ಮ ಬೋಟು ನಡೆಸುವ ತಾಂಡೇಲನನ್ನೂ ಕರೆದುಕೊಂಡು ಬಂದು ತೋರಿಸಿದರು. ನನಗೆ ಅಷ್ಟು ಸಾಕು. ಇನ್ನು ಬರೆಯಬಹುದು ಅನ್ನಿಸಿತು.

ನಾನು ಮೂವತ್ತೆರಡು ವರ್ಷ ವಾಣಿಜ್ಯ ಹಡಗುಗಳ ಎಂಜಿನ್ ಕೋಣೆಯಲ್ಲಿ ದುಡಿದವನು. ಹೆಂಡತಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ನಿವೃತ್ತಿಯಾದ ಮೇಲೆ ವರ್ಷಕ್ಕೆ ಏಳೆಂಟು ತಿಂಗಳು ದೋಣಿಯಲ್ಲೇ ಸಂಸಾರ, ಮಳೆಗಾಲಕ್ಕೆ ಕೆಮ್ಮಣ್ಣಿನ ಮನೆ ಎಂದು ಇಬ್ಬರೂ ಕೂತು ನಿಶ್ಚಯಿಸಿದ್ದೆವು. ಯಾವ ದೋಣಿ ಎಂಬುದನ್ನು ಮಾತ್ರ ನಿಶ್ಚಯಿಸಲು ಐದು ವರ್ಷ ಹಿಡಿಯಿತು. ಅದರಲ್ಲಿ ಮೊದಲ ಮೂರು ವರ್ಷ ಪೂರ್ತಿ ತಪ್ಪು ದಾರಿ.

ಮೊದಲು ಕೊಂಡದ್ದು ಮಲ್ಪೆಯ ಒಂದು ಹಳೆಯ ಮರದ ಟ್ರಾಲ್ ಬೋಟನ್ನು. 38 ಅಡಿ, ನಾಲ್ಕು ಲಕ್ಷ ಚಿಲ್ಲರೆ. ಎಂಜಿನ್ ಬಿಚ್ಚಿ ಜೋಡಿಸುವ ಮೆಕ್ಯಾನಿಕ್‌ಗಳು ದಕ್ಕೆಯಲ್ಲೇ ಇದ್ದಾರೆ, ಬಡಗಿಗಳು ಇದ್ದಾರೆ, ಬಿಡಿಭಾಗ ಕೂಗಿದರೆ ಬರುತ್ತದೆ, ಇದಕ್ಕಿಂತ ಬುದ್ಧಿವಂತಿಕೆಯ ಖರೀದಿ ಇನ್ನೊಂದಿಲ್ಲ ಎಂದು ನಂಬಿದ್ದೆ. ಮೀನು ತುಂಬುವ ಸ್ಟೋರನ್ನು ಮಲಗುವ ಕೋಣೆ ಮಾಡಿಸಲು ಇನ್ನೂ ಮೂರು ಲಕ್ಷ ಸುರಿದೆ. ಟ್ರಾಲ್ ಬೋಟು ಮಂಜುಗಡ್ಡೆ, ಬಲೆ, ಮೀನು ಹೇರಿಕೊಂಡಾಗ ಮಾತ್ರ ನೀರಿನಲ್ಲಿ ಸರಿಯಾಗಿ ಕೂರುತ್ತದೆ. ಖಾಲಿ ಬೋಟು ತೊಟ್ಟಿಲು. ಸೇಂಟ್ ಮೇರೀಸ್ ದ್ವೀಪದ ಮರೆಯಲ್ಲಿ ಲಂಗರು ಹಾಕಿದ ಮೊದಲ ರಾತ್ರಿ ಹೆಂಡತಿ ಒಂದು ಕ್ಷಣವೂ ಮಲಗಲಿಲ್ಲ. ಎರಡನೆಯ ರಾತ್ರಿ ನಾನೂ ಮಲಗಲಿಲ್ಲ. ಇನ್ನು ಡೀಸೆಲ್: ಏಳು ನಾಟ್ (ಗಂಟೆಗೆ ಏಳು ಕಡಲ ಮೈಲು) ವೇಗಕ್ಕೆ ಗಂಟೆಗೆ ಹನ್ನೆರಡು ಲೀಟರ್. ಸಾವಿರ ಮೈಲು ಹೋಗಬೇಕಾದರೆ 1,700 ಲೀಟರ್ ಬೇಕು. ಪಿಂಚಣಿಯಲ್ಲಿ ಬದುಕುವವರ ಲೆಕ್ಕ ಇದಲ್ಲ. ಎರಡೂವರೆ ಲಕ್ಷಕ್ಕೆ ಮಾರಿ ಕೈ ತೊಳೆದುಕೊಂಡೆ.

ಎರಡನೆಯದು ಮುಂಬಯಿಯಲ್ಲಿ ನೋಡಿದ 32 ಅಡಿಯ ಹಾಯಿದೋಣಿ. ಒಂದೇ ಆಳವಾದ ಕೀಲ್ (ತಳದ ಕೆಳಗೆ ಇಳಿದಿರುವ ಭಾರದ ರೆಕ್ಕೆ), ಮಿಂಚುವ ಬಣ್ಣ, ಫೋಟೋದಲ್ಲಿ ನೋಡಿದವರೆಲ್ಲ ಹೊಗಳಿದರು. 75,000 ರೂಪಾಯಿ ಮುಂಗಡ ಕೊಟ್ಟು ಬಂದೆ. ಎರಡನೆಯ ಸಲ ಹೋದಾಗ ಸಣ್ಣ ಸುತ್ತಿಗೆಯ ಹಿಡಿಕೆಯಿಂದ ಡೆಕ್ಕನ್ನು ಅಡಿ ಅಡಿಗೂ ತಟ್ಟುತ್ತಾ ಹೋದೆ. ಹಾಯಿ ಕಟ್ಟುವ ಕೂವೆಮರದ ಬುಡದಿಂದ ಮುಂದಕ್ಕೆ ಸದ್ದು ಬದಲಾಯಿತು. ಟಣ್ ಅನ್ನಬೇಕಾದ ಕಡೆ ಡಬ್ ಎಂದಿತು. ಫೈಬರ್ ಪದರಗಳ ನಡುವಿನ ಬಾಲ್ಸಾ ಮರ ನೀರು ಕುಡಿದು ಕೊಳೆತಿತ್ತು. ಮುಂಗಡ ವಾಪಸ್ಸು ಬರಲಿಲ್ಲ. ದುಡ್ಡು ಕೊಡುವ ಮೊದಲು ತಟ್ಟಬೇಕು, ಕೊಟ್ಟ ಮೇಲೆ ಅಲ್ಲ.

ಆ ದೋಣಿ ಚೆನ್ನಾಗಿಯೇ ಇದ್ದಿದ್ದರೂ ನನಗೆ ಆಗುತ್ತಿರಲಿಲ್ಲ ಎಂಬುದು ಗೊತ್ತಾದದ್ದು ಆಮೇಲೆ. ಅದಕ್ಕೆ ಆರು ಅಡಿ ನೀರು ಬೇಕಿತ್ತು. ಒಂದು ವರ್ಷ ಪೂರ್ತಿ, ಪ್ರತಿ ಹುಣ್ಣಿಮೆ ಅಮಾವಾಸ್ಯೆಗೆ, ಪಕ್ಕದ ಮನೆಯವರ ನಾಡದೋಣಿಯಲ್ಲಿ ಹೋಗಿ ಸೀಸದ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ಅಳಿವೆಯ ಆಳ ಅಳೆದೆ. ಸೀತಾ ಮತ್ತು ಸ್ವರ್ಣಾ ಎರಡೂ ಸೇರಿ ಹೊರಹೋಗುವ ಜಾಗ ಅದು. ಮರಳು ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ. ದೊಡ್ಡ ಇಳಿತದಲ್ಲಿ ಕೆಲವು ಕಡೆ ಐದು ಅಡಿಯೂ ಸಿಗಲಿಲ್ಲ. ಅಂದರೆ ಆರು ಅಡಿಯ ಕೀಲ್ ಇದ್ದರೆ ನನ್ನ ಮನೆ ಬಾಗಿಲಿಗೇ ನಾನು ಬರಲಾರೆ; ವರ್ಷಪೂರ್ತಿ ಗೋವಾದಲ್ಲೋ ಕೊಚ್ಚಿಯ ಬೋಳ್ಗಾಟ್ಟಿ ಮರೀನಾದಲ್ಲೋ ಬಾಡಿಗೆ ಕಟ್ಟಿಕೊಂಡು ಇರಬೇಕು.

ದೋಣಿ ಆರಿಸುವವರೆಲ್ಲ ಬಿರುಗಾಳಿಯ ರಾತ್ರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸುತ್ತಾರೆ. ನಾನೂ ಹಾಗೇ ಮಾಡಿದ್ದೆ. ಆದರೆ ದೂರ ಸಂಚಾರದ ದೋಣಿ ಸಹ ತನ್ನ ಆಯುಷ್ಯದ ಹೆಚ್ಚಿನ ಪಾಲನ್ನು ಲಂಗರಿನ ಮೇಲೆ ಕಳೆಯುತ್ತದೆ. ಎಲ್ಲಿ ನಿಲ್ಲುತ್ತದೆ, ಚಿಪ್ಪು ಅಂಟಿದ ತಳವನ್ನು ಯಾರು ಎಲ್ಲಿ ಕೆರೆಯುತ್ತಾರೆ, ಯಾವ ರಿಪೇರಿ ನನ್ನ ಕೈಯಿಂದ ಆಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆ ಸಮುದ್ರದ ಯೋಗ್ಯತೆ ನೋಡಬೇಕು. ಈ ಕ್ರಮ ತಲೆಕೆಳಗು ಎಂದು ಹಡಗಿನ ಹಳೆಯ ಸಹೋದ್ಯೋಗಿಗಳು ವಾದಿಸಿದರು. ಮಾತೆತ್ತಿದರೆ ಗೋವಾದ ದಿವಾರ್‌ನಲ್ಲಿ ಕಟ್ಟಿದ 56 ಅಡಿಯ ಮ್ಹಾದೇಯಿ ಎಂಬ ಹಾಯಿದೋಣಿಯ ಉದಾಹರಣೆ: ದಿಲೀಪ್ ದೋಂಡೆ 2009-10ರಲ್ಲಿ, ಅಭಿಲಾಷ್ ಟಾಮಿ 2012-13ರಲ್ಲಿ ನಿಲ್ಲದೆ, ಅದರಲ್ಲಿ ಒಬ್ಬೊಬ್ಬರೇ ಭೂಮಿ ಸುತ್ತಿದರು. ನಾನು ಹೇಳುತ್ತಿದ್ದದ್ದು, ಅದೇ ಟಾಮಿ 2023ರಲ್ಲಿ ಒಬ್ಬರೇ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಎರಡನೆಯವರಾಗಿ ಮುಗಿಸಿದ್ದು 36 ಅಡಿಯ ದೋಣಿಯಲ್ಲಿ. ಉದ್ದ ವೇಗ ಕೊಡುತ್ತದೆ. ಅರವತ್ತು ದಾಟಿದ ಇಬ್ಬರಿಗೆ ಬೇಕಾದದ್ದು ಒಬ್ಬರೇ ಎಳೆದು ಇಳಿಸಬಹುದಾದ ಹಾಯಿ.

ಎಷ್ಟು ಉದ್ದ ಸಾಕು ಎಂಬುದನ್ನು ಅಂಗಳದಲ್ಲೇ ಪರೀಕ್ಷಿಸಿದೆವು. ಡಿಸೆಂಬರಿನಲ್ಲಿ ಅಡಿಕೆ ಸಲಾಕೆ ನೆಟ್ಟು, ತೆಂಗಿನ ನಾರಿನ ಹಗ್ಗ ಕಟ್ಟಿ 33 ಅಡಿ ಉದ್ದ, 11 ಅಡಿ ಅಗಲದ ದೋಣಿಯ ಆಕಾರ ಮಾಡಿದೆ. ಮೇಲೆ ಟಾರ್ಪಾಲು, ಒಳಗೆ ಎರಡು ಹಲಗೆ ಮಂಚ, ಒಂದು ಬರ್ನರಿನ ಒಲೆ. ಅದರೊಳಗೆ ನಲವತ್ತು ದಿನ ಇದ್ದೆವು. ನೆರೆಯವರು ಬಂದು ನೋಡಿ ಹೋದರು. ಕೆಲವರು ಹೆಂಡತಿಯ ತಂಗಿಗೆ ಫೋನ್ ಮಾಡಿ ವಿಚಾರಿಸಿದರಂತೆ. ಮೊದಲ ದಿನ ಇಬ್ಬರಿಗೆ 160 ಲೀಟರ್ ಸಿಹಿನೀರು ಖರ್ಚಾಯಿತು. ಪಾತ್ರೆ ತೊಳೆಯಲು, ಮೈಗೆ ಹಾಕಿಕೊಳ್ಳಲು ಹೊಳೆಯ ಉಪ್ಪುನೀರು ತಂದು ಬಳಸಿ, ಕೊನೆಗೆ ಒಂದು ತಂಬಿಗೆ ಸಿಹಿನೀರಿನಲ್ಲಿ ತೊಳೆಯುವ ಅಭ್ಯಾಸ ಮಾಡಿದೆವು. ಮೂರನೆಯ ವಾರಕ್ಕೆ ದಿನಕ್ಕೆ 18 ಲೀಟರಿಗೆ ಇಳಿಯಿತು. ಹೆಂಡತಿ ಗೋಡೆಯ ಕ್ಯಾಲೆಂಡರಿನಲ್ಲಿ ದಿನದಿನದ ಲೆಕ್ಕ ಬರೆದಿಟ್ಟಿದ್ದಾಳೆ. ಆ 18 ಎಂಬ ಸಂಖ್ಯೆಯಿಂದಲೇ 300 ಲೀಟರ್ ಟ್ಯಾಂಕ್ ಸಾಕೆಂದು ತೀರ್ಮಾನವಾದದ್ದು.

ಕುಚ್ಚಲಕ್ಕಿಯ ಪ್ರಯೋಗವೂ ಅಲ್ಲೇ ನಡೆಯಿತು. ಗಂಜಿಯಿಲ್ಲದೆ ನಮಗೆ ಆಗದು, ಕುಚ್ಚಲಕ್ಕಿಯೋ ಗ್ಯಾಸ್ ತಿನ್ನುತ್ತದೆ. ಅಕ್ಕಿಯನ್ನು ಹತ್ತು ನಿಮಿಷ ಕೊತಕೊತ ಕುದಿಸಿ, ಪಾತ್ರೆಯನ್ನು ಹಾಗೇ ಮೀನಿನ ಥರ್ಮೋಕೋಲ್ ಪೆಟ್ಟಿಗೆಯೊಳಗೆ ಹಳೆಯ ಕಂಬಳಿ ಸುತ್ತಿ ಇಟ್ಟರೆ ಒಂದೂವರೆ ಗಂಟೆಯಲ್ಲಿ ಅನ್ನ ಅರಳಿರುತ್ತದೆ. ಐದು ಕಿಲೋ ಸಿಲಿಂಡರ್ ಐದು ವಾರ ಬಂತು. ಸೋನಾ ಮಸೂರಿಗೆ ಇದು ಸರಿಹೋಗುವುದಿಲ್ಲ, ಮುದ್ದೆಯಾಗುತ್ತದೆ.

33 ಅಡಿ ಸಾಕೆಂದು ಖಚಿತವಾಯಿತು. ಇನ್ನು ತಳ. ಬ್ರಿಟನ್ನಿನ ಎಷ್ಟೋ ಬಂದರುಗಳಲ್ಲಿ ಇಳಿತಕ್ಕೆ ನೀರೇ ಇರುವುದಿಲ್ಲ. ಅದಕ್ಕಾಗಿ ಅಲ್ಲಿಯವರು ಎರಡು ಕಾಲುಗಳಂತೆ ಎರಡು ಕೀಲ್ ಇಟ್ಟು ದೋಣಿ ಕಟ್ಟುತ್ತಾರೆ. ನೀರು ಇಳಿದರೆ ದೋಣಿ ಮಗುಚದೆ ಮರಳಿನ ಮೇಲೆ ನೆಟ್ಟಗೆ ನಿಲ್ಲುತ್ತದೆ. 1969ರಿಂದ ತಯಾರಾದ ವೆಸ್ಟರ್ಲಿ ಸೆಂಟಾರ್ ಎಂಬ 26 ಅಡಿಯ ಮಾದರಿಯೇ ಎರಡು ಸಾವಿರಕ್ಕೂ ಹೆಚ್ಚು ಇಳಿದಿವೆ. ನಮ್ಮ ಅಳಿವೆಗಳಿಗೆ ಇದಕ್ಕಿಂತ ಒಪ್ಪುವ ತಳ ಇನ್ನೊಂದಿಲ್ಲ ಅನ್ನಿಸಿತು. ಭಾವ, ತಾಂಡೇಲ, ಗೋವಾದ ಸೇಲ್ಸ್ ಏಜೆಂಟ್, ಎಲ್ಲರೂ ಬೇಡವೆಂದರು. ಗಾಳಿಗೆ ಎದುರು ಹೋಗದು, ಪಕ್ಕಕ್ಕೆ ಜಾರುತ್ತದೆ, ಮಾರಲು ಹೋದರೆ ಗಿರಾಕಿ ಸಿಗದು.

ಗಿರಾಕಿ ಸಿಗದು ಎಂಬುದೇ ನನಗೆ ವರವಾಯಿತು. ಹೊರದೇಶದಿಂದ ತರಿಸಿದರೆ ಸುಂಕ, ತೆರಿಗೆ ಸೇರಿ ಬೆಲೆಯ ಅರ್ಧಕ್ಕಿಂತ ಹೆಚ್ಚು ಮತ್ತೆ ಕಟ್ಟಬೇಕೆಂದು ಏಜೆಂಟ್ ಲೆಕ್ಕ ಕೊಟ್ಟಿದ್ದರು. ಅದಕ್ಕೆ, ಆಗಲೇ ಸುಂಕ ಕಟ್ಟಿ ದೇಶದೊಳಗೆ ಇರುವ ದೋಣಿಯನ್ನೇ ಹುಡುಕಿದೆ. ಗೋವಾದ ಒಂದು ಹೊಳೆಯ ದಂಡೆಯಲ್ಲಿ, ಇಂಗ್ಲೆಂಡಿನಲ್ಲಿ 1980ರ ದಶಕದಲ್ಲಿ ಕಟ್ಟಿದ 33 ಅಡಿಯ ಎರಡು ಕೀಲ್ ದೋಣಿ ಮೂರು ವರ್ಷಗಳಿಂದ ಕೂತಿತ್ತು. ಬೇಕಾದ ನೀರು ನಾಲ್ಕೂಕಾಲು ಅಡಿ. ಕೇಳಿದ ಬೆಲೆ 19 ಲಕ್ಷ.

ಈ ಸಲ ತಟ್ಟಿದ್ದು ಹೆಂಡತಿಯ ಬುತ್ತಿಯ ಸ್ಟೀಲ್ ಚಮಚದಿಂದ. ಡೆಕ್ ಪೂರ್ತಿ ಟಣ್ ಎಂದಿತು. ಆಮೇಲೆ ಒಳಗಿನ ನೆಲಹಲಗೆ ಎತ್ತಿ, ಟಾರ್ಚ್ ಹಿಡಿದು, ಮಗ್ಗುಲಾಗಿ ಮಲಗಿ ಎಡ ಕೀಲ್ ತಳಕ್ಕೆ ಸೇರುವ ಸಂದನ್ನು ನೋಡಿದೆ. ಹಿಂದಿನ ಬೋಲ್ಟಿನ ಸುತ್ತ ಕೂದಲೆಳೆಯಂಥ ಬಿರುಕು, ಅದರ ಬಾಯಲ್ಲಿ ಇಟ್ಟಿಗೆ ಬಣ್ಣದ ಒಂದು ಹನಿ. ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿದೆ. ಉಪ್ಪು. ಮಳೆನೀರಲ್ಲ, ಕಡಲು ಒಳಗೆ ಬಂದದ್ದು. ಎರಡು ಕೀಲ್ ದೋಣಿಗಳ ಬಲಹೀನ ಜಾಗ ಅದೇ. ಮರಳಿನ ಮೇಲೆ ಕೂತಾಗಲೆಲ್ಲ ಭಾರ ಎರಡು ಕಾಲುಗಳನ್ನು ಹೊರಕ್ಕೆ ಅಗಲಿಸುತ್ತದೆ. ಏಜೆಂಟನ್ನು ಕರೆದು ಅದನ್ನು ತೋರಿಸಿದೆ. 13.5 ಲಕ್ಷಕ್ಕೆ ಮಾತು ಮುಗಿಯಿತು. ಆ ಬಿರುಕು ನನ್ನ ಕೈಯಿಂದ ಸರಿಯಾಗುವಂಥದ್ದು ಎಂದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

ಸಂದನ್ನು ಉಜ್ಜಿ ಒಣಗಿಸಲು ಆರು ವಾರ, ಅಡ್ಡಪಟ್ಟಿಗಳ ಮೇಲೆ ಗ್ಲಾಸ್ ಬಟ್ಟೆ ಮತ್ತು ಎಪಾಕ್ಸಿ ಅಂಟು ಕೂರಿಸಲು ಇನ್ನೂ ಮೂರು ವಾರ. ಎಷ್ಟು ಪದರ, ಬಟ್ಟೆಯನ್ನು ಯಾವ ಕೋನಕ್ಕೆ ಕತ್ತರಿಸಿದೆ ಎಂಬುದನ್ನು ಬರೆಯುವುದಿಲ್ಲ. ಅದನ್ನು ಕಂಡುಹಿಡಿಯಲು ಎರಡು ಸಲ ಕಿತ್ತು ಹಾಕಿದ್ದೇನೆ. ಖರ್ಚು 85,000 ಆಸುಪಾಸು. ಹಾಯಿಗಳಿಗೆ 2.4 ಲಕ್ಷ, ಕೂವೆಮರದ ತಂತಿಗಳಿಗೆ ಒಂದೂವರೆಗಿಂತ ಸ್ವಲ್ಪ ಹೆಚ್ಚು, ಸೋಲಾರ್ ಮತ್ತು ಲಿಥಿಯಂ ಬ್ಯಾಟರಿಗೆ 1.7 ಲಕ್ಷ. ಎಂಜಿನನ್ನು ನಾನೇ ಬಿಚ್ಚಿದೆ. ಇಂಜೆಕ್ಷನ್ ಪಂಪ್ ಮಾತ್ರ ಮಂಗಳೂರಿಗೆ ಕಳಿಸಿದೆ. ಎಲ್ಲ ಸೇರಿ 23 ಲಕ್ಷದ ಒಳಗೆ ದೋಣಿ ಕಡಲಿಗೆ ಇಳಿಯಿತು. ನನ್ನಷ್ಟಕ್ಕೆ ಈ ಬೆಲೆಗೆ ಇಂಥ ದೋಣಿಯನ್ನು ಕರಾವಳಿಯಲ್ಲಿ ಇನ್ನೊಬ್ಬರು ಎಬ್ಬಿಸಿದ್ದನ್ನು ನಾನು ಕಂಡಿಲ್ಲ.

ತಳ ಕೆರೆಯುವ ವಿಷಯಕ್ಕೆ ಬರುತ್ತೇನೆ. ದೊಡ್ಡ ಉಬ್ಬರ ಇಳಿತಗಳ ನಡುವೆ ನಮ್ಮಲ್ಲಿ ಸುಮಾರು ನಾಲ್ಕು ಅಡಿ ವ್ಯತ್ಯಾಸ. ಉಬ್ಬರದ ತುದಿಯಲ್ಲಿ ದೋಣಿಯನ್ನು ಒಂದು ಮರಳುದಿಣ್ಣೆಯ ಮೇಲೆ ತಂದು ನಿಲ್ಲಿಸಿದರೆ, ಇಳಿತಕ್ಕೆ ನೀರು ಮೊಣಕಾಲಿನ ಕೆಳಗೆ. ಮೂರು ಗಂಟೆ ಕೆಲಸಕ್ಕೆ ಸಿಗುತ್ತದೆ. ಮೊದಲ ಸಲ ಒಂದು ಕೀಲ್ ಕೆಸರಿನಲ್ಲಿ, ಇನ್ನೊಂದು ಗಟ್ಟಿ ಮರಳಿನಲ್ಲಿ ಕೂತು ದೋಣಿ ವಾಲಿತು. ಹೆಂಡತಿ ಒಳಗಿದ್ದಳು, ಕಪಾಟಿನ ಡಬ್ಬಗಳೆಲ್ಲ ಉರುಳಿದವು. ಮುಂದಿನ ಉಬ್ಬರದವರೆಗೆ ಇಬ್ಬರಿಗೂ ಜೀವ ಕೈಯಲ್ಲಿ. ಆಮೇಲೆ ಬಿದಿರಿನ ಗಳದಿಂದ ಚುಚ್ಚಿ ನೋಡದೆ ಎಲ್ಲಿಯೂ ಕೂರಿಸಿಲ್ಲ. ಈಗ ಕೂರಿಸುವ ದಿಣ್ಣೆ ಯಾವುದು ಎಂದು ಹೇಳುವುದಿಲ್ಲ, ಅಲ್ಲಿ ಎರಡು ದೋಣಿಗೆ ಜಾಗವಿಲ್ಲ. ಯಾರ್ಡಿನಲ್ಲಿ ಎತ್ತಿಸಿ ಬಣ್ಣ ಹೊಡೆಸಲು ಅರವತ್ತು ಎಪ್ಪತ್ತು ಸಾವಿರ ಕೇಳಿದ್ದ ಕೆಲಸ ಹನ್ನೊಂದು ಸಾವಿರದಲ್ಲಿ ಮುಗಿಯುತ್ತಿದೆ.

ಮರದ ದೋಣಿಗಳಿಗೆ ನಮ್ಮ ಹಿರಿಯರು ಬಳಿಯುತ್ತಿದ್ದ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಫೈಬರಿಗೂ ಹಚ್ಚಿ ನೋಡಿದೆ. ಮೂರು ತುಂಡು ಹಲಗೆಗಳನ್ನು ಜೆಟ್ಟಿಯಿಂದ ಇಳಿಬಿಟ್ಟಿದ್ದೆ: ಒಂದು ಬರಿಯದು, ಒಂದಕ್ಕೆ ಗೇರೆಣ್ಣೆ, ಒಂದಕ್ಕೆ ಚಿಪ್ಪು ಅಂಟದಂತೆ ಹೊಡೆಯುವ, ತಾಮ್ರ ಬೆರೆತ ಬಣ್ಣ. ಫೈಬರಿನ ಮೇಲೆ ಗೇರೆಣ್ಣೆ ಎರಡು ತಿಂಗಳಲ್ಲಿ ಸಿಪ್ಪೆಯಂತೆ ಎದ್ದು ಬಂತು. ಕೈಗೆ ಸುಟ್ಟ ಬೊಕ್ಕೆಗಳು ಬೇರೆ. ಆದರೆ ಅದೇ ಹಲಗೆಗಳು ಇನ್ನೊಂದು ಸಂಗತಿ ಕಲಿಸಿದವು. ಜುಲೈಯಲ್ಲಿ ಹೊಳೆ ಕೆಂಪಾಗಿ, ನೀರು ಪೂರ್ತಿ ಸಿಹಿಯಾಗಿ ಹರಿಯುವಾಗ ಬರಿಯ ಹಲಗೆಯ ಚಿಪ್ಪುಗಳು ಕೂಡ ಸತ್ತು, ಉಗುರು ತಾಗಿಸಿದರೆ ಉದುರಿದವು. ಮಳೆಗಾಲವನ್ನು ಹೊಳೆಯೊಳಗೆ ಕಳೆಯುವ ದೋಣಿಗೆ ಅರ್ಧ ಕೆಲಸ ಹೊಳೆಯೇ ಮಾಡಿಕೊಡುತ್ತದೆ.

ಕಡಲಿನಲ್ಲಿ ಏನಾಯಿತು ಎಂದು ಎಲ್ಲರೂ ಕೇಳುತ್ತಾರೆ. ಜನವರಿಯಲ್ಲಿ ಕೊಚ್ಚಿಯಲ್ಲಿ ಕಾಗದಪತ್ರ ಮುಗಿಸಿ ಹೊರಟೆವು. ಈಶಾನ್ಯ ಗಾಳಿ ಬೆನ್ನ ಹಿಂದೆ. ಮಾಲ್ಡೀವ್ಸ್‌ನ ಉತ್ತರದ ಉಲಿಗಾಮು ದ್ವೀಪಕ್ಕೆ 260 ಮೈಲು, ಎರಡೂವರೆ ದಿನ. ಅಲ್ಲಿಂದ ದ್ವೀಪ ದ್ವೀಪವಾಗಿ ಭೂಮಧ್ಯರೇಖೆ ದಾಟಿ ಅಡ್ಡುವಿನವರೆಗೆ. ಹೋಗಿ ಬಂದದ್ದು ಒಟ್ಟು 1,900 ಮೈಲಿನಷ್ಟು, ಡೀಸೆಲ್ 340 ಲೀಟರ್. ಲಂಗರಿನಲ್ಲಿ ತೊನೆದಾಟ ಟ್ರಾಲ್ ಬೋಟಿನ ಕಾಲುಭಾಗವೂ ಇಲ್ಲ. ಹೆಂಡತಿ ಮೇಜಿನ ಮೇಲೆ ಲೋಟ ಇಟ್ಟು ಪುಸ್ತಕ ಓದುತ್ತಿದ್ದಳು.

ಭಾವ ಹೇಳಿದ್ದರಲ್ಲಿ ಒಂದು ಮಾತು ನಿಜ. ಗಾಳಿಗೆ ಎದುರು ಇದು ಜಾಣನಲ್ಲ. ಏಪ್ರಿಲ್ ಕೊನೆಯಲ್ಲಿ ಕೊಚ್ಚಿಯಿಂದ ಉತ್ತರಕ್ಕೆ ಬರುವಾಗ ಮಧ್ಯಾಹ್ನದ ವಾಯವ್ಯ ಗಾಳಿಗೆ ದಿನಕ್ಕೆ ಇಪ್ಪತ್ತು ಮೈಲು ಕೂಡ ಗಿಟ್ಟಲಿಲ್ಲ. ಅಲೆ ಏರಿ ಇಳಿಯುವಾಗ ದೋಣಿ ವಾಲಿ ಮೇಲೆದ್ದ ಕೀಲಿನಡಿ ನೀರು ಸಿಕ್ಕಿ ಬಡಿಯುವ ಸದ್ದು ಮೊದಲ ಸಲ ಕೇಳಿದವರಿಗೆ ಏನೋ ಮುರಿಯಿತು ಅನ್ನಿಸುತ್ತದೆ. ಮೂರು ದಿನ ಒದ್ದಾಡಿದ ಮೇಲೆ ಮೀನುಗಾರರ ಕ್ರಮಕ್ಕೆ ಬಂದೆವು: ಮಧ್ಯಾಹ್ನ ಲಂಗರು, ರಾತ್ರಿ ಹನ್ನೊಂದರ ಮೇಲೆ ನೆಲದಿಂದ ಬೀಸುವ ಗಾಳಿಯಲ್ಲಿ ದಡಕ್ಕೆ ಹತ್ತಿರವಾಗಿ ಹಾಯಿ, ಬೆಳಗಿನ ಜಾವ ಗಾಳಿ ಬಿದ್ದಾಗ ಎಂಜಿನ್. ರಾತ್ರಿಯಲ್ಲಿ ಬಲೆಗಳ ಭಯವಿದೆ, ಒಮ್ಮೆ ದೋಣಿಯನ್ನು ತಳ್ಳುವ ಫ್ಯಾನಿಗೆ ಹಗ್ಗ ಸಿಕ್ಕಿ ನೀರಿಗಿಳಿದು ಕತ್ತರಿಸಬೇಕಾಯಿತು. ಆದರೂ ದಿನಕ್ಕೆ 45 ಮೈಲು ಬಂತು. ಕಾಪು ದೀಪಸ್ತಂಭ ಕಂಡಾಗ ಬೆಳಗಿನ ನಾಲ್ಕು ಗಂಟೆ.

ಈಗ ದೋಣಿ ಹಂಗಾರಕಟ್ಟೆಯ ಒಳಹೊಳೆಯಲ್ಲಿ, ಟ್ರಾಲ್ ಬೋಟಿನ ಎರಡು ಹಳೆಯ ಲಂಗರು ಮತ್ತು 16 ಮಿಲಿಮೀಟರ್ ಸರಪಣಿಯ ಮೇಲೆ ನಿಂತಿದೆ. ಕಳೆದ ವಾರ ನೆರೆಯಲ್ಲಿ ತೇಲಿಬಂದ ತೆಂಗಿನ ಮರ ಸರಪಣಿಗೆ ಸಿಕ್ಕಿಕೊಂಡಿತ್ತು. ಭಾವನ ಹುಡುಗರು ಬಂದು ಬಿಡಿಸಿದರು. ಭಾವ ದಡದಲ್ಲಿ ಕೊಡೆ ಹಿಡಿದು ನಿಂತು, ಬರುವ ಜನವರಿಯಲ್ಲಿ ಕೊಚ್ಚಿಯವರೆಗೆ ತಾವೂ ಬರಬಹುದೇ ಎಂದು ಕೇಳಿದರು. ಮುಂದಿನ ಮಂಚ ಅವರ ಎತ್ತರಕ್ಕೆ ಅರ್ಧ ಅಡಿ ಗಿಡ್ಡ. ಬಡಗಿಗೆ ಹೇಳಿದ್ದೇನೆ.